ಏರುದನಿಯ ಮಾಸ್ತರು

ಅವರ ನೆನಪಾದರೆ ಮೊದಲು ಕಣ್ಣಿಗೆ ಬರುವುದು ಅವರ ಪೀಕದಾನಿ. ಹಿತ್ತಾಳೆಯದು, ಅಂಚು ನೆಗ್ಗಿದ್ದು. ಎಲೆ, ಅಡಿಕೆ, ತಂಬಾಕಿನ ಕೆಂಪು ರಸ ಅದರಲ್ಲಿ ಯಾವಾಗಲೂ ಅರ್ಧದಷ್ಟು ನಿಂತಿರುತ್ತಿತ್ತು. ಪಾಠಕ್ಕೆ ಬಂದ ಹುಡುಗಿಯರಲ್ಲಿ ಆ ದಿನ ಯಾರು ಕೆಟ್ಟದಾಗಿ ಹಾಡಿದರೋ ಅವರು ಅದನ್ನು ಹಿತ್ತಲಿಗೆ ಒಯ್ದು ಚೆಲ್ಲಿ, ಬೂದಿ ಹಾಕಿ ತಿಕ್ಕಿ, ತೊಳೆದು ತರಬೇಕು. ಅದು ಅವರ ಶಿಕ್ಷೆಯ ಕ್ರಮ. ನಾನು ಅದನ್ನು ಎಷ್ಟು ಸಲ ತೊಳೆದಿದ್ದೇನೆಂದರೆ, ಇವತ್ತಿಗೂ ಯಾರಾದರೂ ಎದುರಿಗೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕಿದರೆ ಎದ್ದು ಆಚೆ ಹೋಗಿಬಿಡುತ್ತೇನೆ.

ಹೋದ ತಿಂಗಳು ಮಸ್ಕಿಯಿಂದ ಇಬ್ಬರು ಬಂದಿದ್ದರು. ಮಾಸ್ತರು ತೀರಿಕೊಂಡು ವರ್ಷವಾಯಿತಂತೆ. ಶಿಷ್ಯರೆಲ್ಲ ಸೇರಿ ಒಂದು ನೆನಪಿನ ಪುಸ್ತಕ ತರುತ್ತಾರಂತೆ. “ನೀವು ಮೊದಲನೇ ಸಾಲಿನ ಶಿಷ್ಯಾರು. ಅವರ ಕೂಡ ಎಂಟು ವರ್ಷ ಇದ್ದವರು. ನಾಲ್ಕು ಚಲೋ ಮಾತು ಬರದು ಕೊಡ್ರಿ ಅಕ್ಕಾರ,” ಅಂದರು. ಹೂಂ ಅಂದು ಚಹಾ ಕುಡಿಸಿ ಕಳಿಸಿದೆ. ನಾಲ್ಕು ಒಳ್ಳೆಯ ಮಾತು ಹುಡುಕುತ್ತ ಎರಡು ದಿನ ಕೂತೆ. ಸಿಕ್ಕಿದ್ದು ಎರಡು. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ತಾಳ ತಪ್ಪುತ್ತಿರಲಿಲ್ಲ. ಉಳಿದದ್ದು ಅವರ ಪುಸ್ತಕಕ್ಕೆ ಹೋಗುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಆ ಹೆಸರು ಬರೆದರೆ ಜನ ಇನ್ನೂ ಕೈ ಮುಗಿಯುತ್ತಾರೆ, ಅದನ್ನು ನೋಡುವ ತಾಳ್ಮೆ ನನಗಿಲ್ಲ.

ಸಿಂಧನೂರಿನ ನಮ್ಮ ಮನೆಗೆ ಅವರು ಬಂದದ್ದು ಪೊಲೀಸ್ ಆಕ್ಷನ್ ಆಗಿ ಕೆಲವೇ ತಿಂಗಳಿಗೆ. ಅಪ್ಪನದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನಗಾಗ ಹದಿನೈದು. ಮಾಸ್ತರು ಯಾವುದೋ ನಾಟಕ ಕಂಪನಿಯ ಜೊತೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ ಈ ಸೀಮೆಗೆ ಬಂದವರು. ರಜಾಕಾರರ ಗದ್ದಲಕ್ಕಿಂತ ಮುಂಚೆಯೇ ಕಂಪನಿ ಮುರಿದುಬಿತ್ತು. ನಟರೆಲ್ಲ ತಮ್ಮ ತಮ್ಮ ಊರಿಗೆ ಹೋದರು, ಇವರು ಪೇಟಿ ಸಮೇತ ಮಸ್ಕಿಯಲ್ಲಿ ಉಳಿದುಕೊಂಡರು. ಅಲ್ಲಿಂದ ವಾರಕ್ಕೆ ಎರಡು ದಿನ ಸಿಂಧನೂರು, ಎರಡು ದಿನ ಲಿಂಗಸುಗೂರು. ಹುಡುಗಿಯರಿಗೆ ಹಾಡು ಕಲಿಸುವುದು, ಭಜನೆ ಪ್ರವಚನಗಳಿಗೆ ಪೇಟಿಯ ಸಾಥ್ ಕೊಡುವುದು, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೇಳದ ಹಾಡು ಹಾಡಿಸುವುದು. ಈ ಮೂರು ಕೆಲಸದಲ್ಲಿ ಅವರಿಗೆ ಮೂರೂ ಊರಲ್ಲಿ ಎದುರಾಳಿ ಇರಲಿಲ್ಲ.

ಕರಿ ಕೋಟು, ಬಗಲಲ್ಲಿ ಬೆವರು ಒಣಗಿದ ಬಿಳಿ ಉಪ್ಪಿನ ಗೆರೆ. ಬಲಗೈಯ ಕಿರುಬೆರಳಿಗೆ ಉದ್ದನೆಯ ಉಗುರು. ಹಾಡು ಕೇಳುತ್ತ ಕೇಳುತ್ತ ಆ ಉಗುರಿನಿಂದ ಕಿವಿ ಕೆರೆದುಕೊಳ್ಳುವರು, ಬಂದದ್ದನ್ನು ಒಮ್ಮೆ ನೋಡುವರು, ಕೋಟಿಗೆ ಒರೆಸುವರು, ಅದೇ ಕೈಯಿಂದ ನಮ್ಮ ಗದ್ದ ಎತ್ತಿ ಹಿಡಿದು, “ಏರಲಿ, ಇನ್ನಷ್ಟು ಏರಲಿ,” ಅನ್ನುವರು. ಊಟಕ್ಕೆ ಕರೆದರೆ “ಏನೂ ಬ್ಯಾಡ್ರಿ ಯವ್ವಾ, ಹೋಳಿಗಿ ಇದ್ರ ಎರಡು ಸಾಕು” ಎಂದು ಕೂತು ಆರು ತಿನ್ನುವರು. ತುಪ್ಪ ಕಂಠಕ್ಕೆ ಒಳ್ಳೆಯದೆಂದು ನಮಗೆ ಪಾಠ ಹೇಳಿ ತುಪ್ಪದ ಗಿಂಡಿಯನ್ನು ತಮ್ಮ ಕಡೆ ಎಳೆದುಕೊಳ್ಳುವರು. ತಾವು ಹಾಡುವುದಿಲ್ಲವಲ್ಲ, ಕಂಠ ಯಾತಕ್ಕೆ ಎಂದು ಅವ್ವ ಅಡಿಗೆ ಮನೆಯಲ್ಲಿ ಗೊಣಗುತ್ತಿದ್ದಳು. ಹೊರಗೆ ಬಂದು ಇನ್ನೆರಡು ಬಡಿಸುತ್ತಿದ್ದಳು.

ಅವರ ಹತ್ತಿರ ಮೇಳಕ್ಕೆಂದು ಒಂದು ಧಾಟಿ ಇತ್ತು. ನಿಜಾಮರ ಕಾಲದಲ್ಲಿ ಅದಕ್ಕೆ ಬಾದಶಹರ ಆಯುಷ್ಯ ಹೆಚ್ಚಲೆಂಬ ಉರ್ದು ಮಾತು ಕೂಡಿಸಿ ಮಕ್ಕಳಿಂದ ಹಾಡಿಸಿದ್ದರು. ಮಿಲಿಟರಿ ಬಂದ ಮೇಲೆ ಅದೇ ಧಾಟಿಗೆ ಸ್ವಾತಂತ್ರ್ಯದ ಮಾತು ಕೂಡಿಸಿದರು. ನಮ್ಮ ಪಡಸಾಲೆಯಲ್ಲಿ ನಾವು ಎಂಟು ಹುಡುಗಿಯರು ಅದನ್ನು ಕಲಿಯುತ್ತಿದ್ದಾಗ ಅಪ್ಪ ತಕ್ಕಡಿ ಬಿಟ್ಟು ಒಳಗೆ ಬಂದರು.

“ಮಾಸ್ತರ್ರ, ಈ ಧಾಟಿ ಎಲ್ಲೋ ಕೇಳೀನಲ್ರಿ?”

“ಚಲೋ ಧಾಟಿ ಎಲ್ಲಾ ಕಡಿ ಕೇಳ್ತಾವ್ರಿ ಸಾವಕಾರ್ರ,” ಅಂದರು ಮಾಸ್ತರು, ಕಣ್ಣು ಮಿಟುಕಿಸದೆ.

ಅಪ್ಪ ನಕ್ಕು ತಕ್ಕಡಿಗೆ ಮರಳಿದರು. ನಾವೂ ನಕ್ಕೆವು. ಆಗೆಲ್ಲ ಅದು ಜಾಣತನ ಅನ್ನಿಸುತ್ತಿತ್ತು.

ನಮ್ಮ ಮನೆಯ ಹೆಂಗಸರ ದನಿಯೇ ತಗ್ಗು. ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹಾಡಿದರೆ ಗಂಡಸೊಬ್ಬ ಹಾಡಿದಂತೆ ಕೇಳುತ್ತಿತ್ತು. ನನ್ನದೂ ಅಂಥದೇ. ಹೊಳೆಯ ತಳದಿಂದ ಬರುವ ದನಿ ಎಂದು ಅಜ್ಜಿ ಅನ್ನುತ್ತಿದ್ದಳು. ಸಂಜೆ ದೀಪ ಹಚ್ಚಿ ನಾನು ಹಾಡತೊಡಗಿದರೆ ಅಂಗಡಿಯ ಗಿರಾಕಿಗಳು ಸಾಮಾನು ಕಟ್ಟಿಸಿಕೊಂಡ ಮೇಲೂ ಕಟ್ಟೆಯ ಮೇಲೆ ಕೂಡುತ್ತಿದ್ದರು. ಓದು, ಮನೆಗೆಲಸ ಯಾವುದರಲ್ಲೂ ನಾನು ಹೇಳಿಕೊಳ್ಳುವಂಥವಳಲ್ಲ. ನನ್ನದು ಎಂದು ನನ್ನ ಹತ್ತಿರ ಇದ್ದದ್ದು ಆ ದನಿ ಒಂದೇ.

ಪೇಟಿಯನ್ನು ಹತ್ತಿರದಿಂದ ಕಾಣದವರಿಗೆ ಇಷ್ಟು ಹೇಳಬೇಕು. ಅದರ ಕಪ್ಪು ಬಿಳಿ ಪಟ್ಟಿಗಳ ಮೇಲೆ ಎಡದಿಂದ ಬಲಕ್ಕೆ ಹೋದ ಹಾಗೆ ದನಿ ಏರುತ್ತದೆ. ಕಲಿಸುವವರು ಮೊದಲು ಹಾಡುವವರ ದನಿ ಕೇಳಿ, ಅದು ಎಲ್ಲಿ ಸುಖವಾಗಿ ಕೂಡುತ್ತದೋ ಆ ಪಟ್ಟಿಯನ್ನು ಷಡ್ಜವಾಗಿ ಹಿಡಿಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು. ಮಾಸ್ತರು ಯಾರ ದನಿಯನ್ನೂ ಕೇಳುತ್ತಿರಲಿಲ್ಲ. ಬಂದವರಿಗೆಲ್ಲ ಬಲಗಡೆಯ ಒಂದೇ ಕಪ್ಪು ಪಟ್ಟಿ ಒತ್ತಿ, “ಹ್ಞಾ, ಇಲ್ಲಿಂದ ಎತ್ತು,” ಅನ್ನುವರು. ಎಡಗಡೆಯ ಅರ್ಧದ ಮೇಲೆ ಸದಾ ಒಂದು ಮಡಿಸಿದ ಟವೆಲು ಇರುತ್ತಿತ್ತು. ಬೆವರು ಒರೆಸಿಕೊಳ್ಳಲು ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆವು.

“ನಂದು ಅಷ್ಟು ಮ್ಯಾಲ ಹೋಗಂಗಿಲ್ರಿ ಮಾಸ್ತರ್ರ,” ಅಂದೆ ಮೊದಲ ದಿನವೇ.

“ದನಿ ಅಂದ್ರ ಕಳಸ ಇದ್ದಂಗ. ಮ್ಯಾಲ ಇದ್ರ ಕಳಸ, ಕೆಳಗ ಇಳಿಸಿದ್ರ ತಂಬಿಗಿ. ನಿನಗ ಕಳಸ ಆಗೂದೈತೋ, ತಂಬಿಗಿ ಆಗೂದೈತೋ?”

ಎಲ್ಲರೂ ನಕ್ಕರು. ನಾನು ಎತ್ತಿದೆ. ನಾಟಕದ ಡೇರೆಯಲ್ಲಿ ಮೈಕಿಲ್ಲದೆ ಕಡೆಯ ಸಾಲಿನವನಿಗೂ ಮುಟ್ಟುವಂತೆ ಹಾಡುವವರನ್ನೇ ಜನ ಹಾಡುಗಾರರು ಎಂದು ತಿಳಿದಿದ್ದ ಕಾಲ ಅದು. ಹೆಂಗಸು ಹಾಡಿದರೆ ಕಿವಿಯಲ್ಲಿ ಸೂಜಿ ಹೊಕ್ಕಂತಿರಬೇಕು. ಹೀಗಾಗಿ ಮಾಸ್ತರ ಮಾತಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಎಂಟು ದನಿಗಳು ಒಂದೇ ಎತ್ತರದಲ್ಲಿ ಕಿರುಚುವುದನ್ನು ಕೇಳಿ ಸಿಂಧನೂರು ಭಲೆ ಅಂದಿತು.

ಸಾಥ್ ಕೊಡುವುದರಲ್ಲಿಯೂ ಅವರದು ಒಂದು ರೀತಿ. ಹಾಡುವವನು ಸೋತರೆ ಪೇಟಿಯ ದನಿ ಜೋರು ಮಾಡಿ, ಮುಳುಗುವವನನ್ನು ದಂಡೆಗೆ ತಂದವರಂತೆ ಜನರ ಕಡೆ ನೋಡುವರು. ಹಾಡುವವನು ಗೆದ್ದರೆ ಅವನಿಗಿಂತ ಅರ್ಧ ಮಾತ್ರೆ ಮುಂದೆ ಓಡುವರು. ಒಂದು ಶ್ರಾವಣದಲ್ಲಿ ಮಸ್ಕಿಯ ಭಜನೆಗೆ ಹಟ್ಟಿಯ ಗಣಿಯಲ್ಲಿ ಕೆಲಸ ಮಾಡುವ ಒಬ್ಬ ಬಂದಿದ್ದ. ಪಾಳಿ ಮುಗಿಸಿ ನೇರವಾಗಿ ಬಂದಿದ್ದನೆಂದು ಕಾಣುತ್ತದೆ, ಕಿವಿಯ ಹಿಂದೆ ಇನ್ನೂ ಕಲ್ಲಿನ ಪುಡಿ ಇತ್ತು. ದೊಡ್ಡ, ತಗ್ಗಿನ ದನಿ. ಮಾಸ್ತರು ಹಿಡಿದ ಎತ್ತರಕ್ಕೆ ಎರಡು ಸಲ ಎತ್ತಿ ನೋಡಿ ನಿಲ್ಲಿಸಿದ.

“ಮಾಸ್ತರ್ರ, ಒಂದೀಟು ಎಡಕ್ಕ ಇಳಸ್ರಿ. ನಿಮ್ಮ ಪೇಟಿ ಎಡಗಡಿ ಮಾತಾಡಂಗಿಲ್ಲೇನ್ರಿ?”

ಅವನು ನಗುತ್ತಲೇ ಕೇಳಿದ್ದ. ಮಾಸ್ತರು ಪೀಕದಾನಿಗೆ ಉಗಿದು ಬಾಯಿ ಒರೆಸಿಕೊಂಡರು.

“ಭೂಮಿಯೊಳಗ ಇಳಿದು ಇಳಿದು ನಿನ್ನ ದನೀನೂ ಇಳಿದೈತಲೇ. ನಾವು ಮ್ಯಾಲಿನ ಮಂದಿ. ನಿನ್ನ ಸಲುವಾಗಿ ಶಿವ ಪಾತಾಳಕ್ಕ ಇಳೀಬೇಕೇನು?”

ಭಜನೆಯ ಮಂದಿಯೆಲ್ಲ ನಕ್ಕರು. ಅಪ್ಪನ ಜೊತೆ ಹೋಗಿದ್ದ ನಾನೂ ಬಾಯಿಗೆ ಸೆರಗು ಹಿಡಿದು ನಕ್ಕೆ. ಆ ಮನುಷ್ಯ ಎದ್ದು ಚಪ್ಪಲಿ ಹಾಕಿಕೊಂಡು ಹೊರಟುಹೋದ. ಎಂಥ ದನಿ ಎದ್ದುಹೋಯಿತೆಂದು ಯಾರಿಗೂ ಅನ್ನಿಸಲಿಲ್ಲ. ಮಾಸ್ತರು ಗೆದ್ದರೆಂದೇ ಅನ್ನಿಸಿತು.

ಮೂರು ವರ್ಷ ಕಲಿತೆ. ಎರಡನೆಯ ವರ್ಷಕ್ಕೇ ಪಾಠ ಮುಗಿಸಿ ಎದ್ದರೆ ಉಗುಳು ನುಂಗಲು ಆಗುತ್ತಿರಲಿಲ್ಲ. ಜ್ಯೇಷ್ಠಮಧು ಅಗಿದೆ, ಮೆಣಸಿನ ಹಾಲು ಕುಡಿದೆ, ಕುತ್ತಿಗೆಗೆ ಬಿಸಿ ಎಣ್ಣೆ ಹಚ್ಚಿ ಅರಿವೆ ಸುತ್ತಿಕೊಂಡೆ. ಮಾಸ್ತರು ಮಾತ್ರ ಬಲಗಡೆಯ ಪಟ್ಟಿ ಬಿಡಲಿಲ್ಲ. ಒಂದು ದಿನ ದೀಪ ಹಚ್ಚಿ ಎಂದಿನಂತೆ ಅಜ್ಜಿಯ ಹಾಡು ತೆಗೆದರೆ ಒಳಗಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಅಪ್ಪ ರಾಯಚೂರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ಗಂಟಲೊಳಗೆ ಗಂಟುಗಳು ಎದ್ದಿವೆ, ಆರು ತಿಂಗಳು ಹಾಡುವುದಿರಲಿ ಜೋರಾಗಿ ಮಾತೂ ಆಡಬಾರದು ಅಂದರು. ಆರು ತಿಂಗಳು ಸುಮ್ಮನಿದ್ದೆ. ಆಮೇಲೆ ಬಂದದ್ದು ಈಗಿರುವ ಈ ದನಿ. ಒಣ ಜೋಳದ ದಂಟು ಮುರಿದಂತೆ ಕೇಳುತ್ತದೆ. ಇದರಲ್ಲಿ ಸಂತೆಯ ಲೆಕ್ಕ ಕೇಳಬಹುದು, ಮಕ್ಕಳನ್ನು ಗದರಬಹುದು. ಹಾಡಲು ಬರುವುದಿಲ್ಲ.

ಇದರ ಮೇಲೆ ನಾನು ಮಾಸ್ತರಿಗೆ ಶಾಪ ಹಾಕಿದೆ ಅಂದುಕೊಂಡರೆ ತಪ್ಪು. ತಪ್ಪು ನನ್ನ ಗಂಟಲಿನದೇ ಎಂದು ಎಲ್ಲರಂತೆ ನಾನೂ ನಂಬಿದೆ. ಉಳಿದ ಏಳು ಜನ ಹೇಗೋ ಹಾಡುತ್ತಿದ್ದರಲ್ಲ. ಲಿಂಗಸುಗೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದು ಅಲ್ಲಿನ ಒಂದು ಹುಡುಗಿಯರ ಶಾಲೆಯಲ್ಲಿ ಹಂಗಾಮಿ ಮಾಸ್ತರಣಿಯಾದೆ. ಮಾಸ್ತರು ಹುಡುಕಿಕೊಂಡು ಬಂದರು.

“ದನಿ ಹೋದ್ರ ಹೋತು, ನಿನಗ ಕಿವಿ ಐತಿ. ನನ್ನ ಕೂಡ ಮೇಳ ಕಲಸಾಕ ನಿಂದ್ರು. ಹಾಡು ಕಲಸೋ ಖಾಯಂ ನೌಕರಿ ಒಂದು ಬರಾಕತ್ತೈತಿ. ನಾ ಹೇಳಿದವರಿಗೆ ಅದು,” ಅಂದರು.

ಅವತ್ತು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅದನ್ನು ನೆನೆದರೆ ಇವತ್ತಿಗೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಮೇಳ ಕಲಿಸುವುದರಲ್ಲಿ ಅವರು ಗಟ್ಟಿಗರು, ಇದನ್ನು ಒಪ್ಪಬೇಕು. ಐವತ್ತು ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿ, ಒಂದು ಬೆರಳೆತ್ತಿದರೆ ಉಸಿರು ತೆಗೆದುಕೊಳ್ಳುವಂತೆ, ಎರಡೆತ್ತಿದರೆ ಬಾಯಿ ಮುಚ್ಚುವಂತೆ ಪಳಗಿಸುತ್ತಿದ್ದರು. ಸಾಲಿನ ಹಿಂದಿನಿಂದ ಬೆಕ್ಕಿನಂತೆ ನಡೆದು ಒಬ್ಬೊಬ್ಬಳ ಬಾಯಿಯ ಹತ್ತಿರ ಕಿವಿ ಇಡುವರು. ಯಾವಳ ದನಿ ತಗ್ಗಿನಲ್ಲಿ ಉಳಿದಿದೆಯೋ ಅವಳ ಬೆನ್ನಿಗೆ ಆ ಉಗುರಿನಿಂದ ಚುಚ್ಚುವರು. ನಾನು ಸಾಲಿನ ಮುಂದೆ ನಿಂತು ಕೈಯಲ್ಲಿ ತಾಳ ಹಾಕುತ್ತ ಆ ಮುಖಗಳು ಚುಚ್ಚಿಸಿಕೊಂಡು ಬೆದರುವುದನ್ನು ನೋಡುತ್ತಿದ್ದೆ. ತಾಳ ಬಿಡುತ್ತಿರಲಿಲ್ಲ.

ಐವತ್ತನಾಲ್ಕನೆಯ ಇಸವಿ ಇರಬೇಕು. ಒಂದು ಕಾರ್ಯಕ್ರಮದ ಹಾಡು ಕೂಡಿಸಲೆಂದು ಮಸ್ಕಿಯ ಅವರ ಕೋಣೆಗೆ ಹೋಗಿದ್ದೆ. ಅತ್ತೆಯೂ ಜೊತೆಗಿದ್ದಳು, ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಮಾಸ್ತರು ಊಟ ಮುಗಿಸಿ ಕೈ ತೊಳೆಯಲು ಹೋದರು. ಪೇಟಿಯ ಮೇಲಿನ ಟವೆಲು ಎಣ್ಣೆ ಜಿಡ್ಡಿನಿಂದ ಕಮಟು ನಾರುತ್ತಿತ್ತು. ಅಸಹ್ಯವಾಗಿ ಅದನ್ನು ಎತ್ತಿ ಆಚೆಗೆ ಇಟ್ಟೆ. ಕೈ ಸುಮ್ಮನಿರದೆ ಎಡಗಡೆಯ ಒಂದು ಪಟ್ಟಿ ಒತ್ತಿದೆ. ಫುಸ್ ಎಂದಿತು. ಪಕ್ಕದ್ದು ಒತ್ತಿದೆ. ಅದೂ ಫುಸ್. ಎಡಗಡೆಯ ಅರ್ಧ ಪೇಟಿಯಲ್ಲಿ ಒಂದು ಪಟ್ಟಿಯೂ ದನಿ ಕೊಡಲಿಲ್ಲ. ಮೇಲಿನ ಹಲಗೆ ಎತ್ತಿ ನೋಡಿದೆ. ಒಳಗಿನ ಚರ್ಮವನ್ನು ಇಲಿ ತಿಂದಿತ್ತು, ಸ್ವರ ಹುಟ್ಟಿಸುವ ಹಿತ್ತಾಳೆಯ ರೀಡುಗಳು ಕೆಲವು ಮುರಿದಿದ್ದವು, ಕೆಲವು ಇರಲೇ ಇಲ್ಲ. ಗಾಳಿ ಸೋರದಂತೆ ಆ ತೂತುಗಳಿಗೆಲ್ಲ ಹಳೆಯ ಅರಿವೆಯ ಚೂರುಗಳನ್ನು ಒಪ್ಪವಾಗಿ ಸುತ್ತಿ ಗಿಡಿದಿದ್ದರು. ಒಂದರಲ್ಲಿ ಹಳದಿ ಅಂಚು ಇನ್ನೂ ಹೊಸದಾಗಿತ್ತು. ವರ್ಷಕ್ಕೊಮ್ಮೆಯಾದರೂ ಬದಲಿಸುತ್ತಿದ್ದರೆಂದು ಆಗಲೇ ತಿಳಿಯಿತು.

ಅವರು ಬಾಗಿಲಲ್ಲಿ ನಿಂತಿದ್ದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇದು ಯಾವಾಗಿಂದ ಹಿಂಗೈತ್ರಿ?” ಅಂತ ಕೇಳಿದೆ.

“ಕಂಪನಿ ಮುರಿದಾಗಿಂದ. ಡೇರೆದಾಗ ಮಳಿ ನೀರು ಹೊಕ್ಕಿತ್ತು.”

“ಅಂದ್ರ ನಾ ಬರೂಕಿಂತ ಮೊದಲ.”

“ಹೂಂ.”

“ರಿಪೇರಿ ಮಾಡಸಬೇಕಿಲ್ರಿ?”

ಅವರು ನನ್ನ ಕೈಯಿಂದ ಹಲಗೆ ಇಸಿದುಕೊಂಡು ಮುಚ್ಚಿದರು. ಟವೆಲು ಹಾಸಿದರು. ನಾಚಿಕೆಯಾಗಲಿ ಸಿಟ್ಟಾಗಲಿ ಆ ಮುಖದಲ್ಲಿ ಇರಲಿಲ್ಲ. ಅಂಗಡಿಯವನು ಅಕ್ಕಿಯ ದರ ಹೇಳುವಂತೆ ಹೇಳಿದರು.

“ರಿಪೇರಿಗೆ ಕೊಟ್ರ ಆರು ತಿಂಗಳು ಇದು ನನ್ನ ಕೈಯಾಗ ಇರಂಗಿಲ್ಲ. ಪೇಟಿ ಇಲ್ಲದ ಮಾಸ್ತರನ್ನ ಯಾರ ಮನ್ಯಾಗ ಕರದು ಎಲಿ ಹಾಕ್ತಾರ? ನನಗೇನು ಹಾಡಾಕ ಬರ್ತದೇನು? ಪಟ್ಟಿ ಒತ್ತಲಾರದ ನನಗ ಷಡ್ಜನ ಸಿಗಂಗಿಲ್ಲ.”

“ನನ್ನ ದನಿ ಹೋತಲ್ರಿ ಮಾಸ್ತರ್ರ.”

“ಹುಡುಗ್ಯಾರ ದನಿಗೇನು ಬರ ಬಂದೈತಿ? ವರ್ಷಾ ಹೊಸಾವು ಬರ್ತಾವ. ಪೇಟಿ ಒಂದೇ ಐತಿ.”

ಇಷ್ಟು ಹೇಳಿ ಎಲೆಗೆ ಸುಣ್ಣ ಹಚ್ಚತೊಡಗಿದರು. ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಏನಾಯಿತೆಂದು ಅತ್ತೆ ಕೇಳಿದಳು. ಬಿಸಿಲು ಅಂದೆ. ಬಸ್ಸಿನಲ್ಲಿ ಲಿಂಗಸುಗೂರು ಮುಟ್ಟುವವರೆಗೆ ನಾಳೆಯೇ ಶಾಲೆಯಲ್ಲಿ ಹೇಳುತ್ತೇನೆ, ಅಪ್ಪನಿಗೆ ಹೇಳುತ್ತೇನೆ, ಮೂರೂ ಊರಿಗೆ ಡಂಗುರ ಹೊಡೆಯುತ್ತೇನೆ ಅಂದುಕೊಂಡೆ.

ಹೇಳಲಿಲ್ಲ. ಮರುದಿನ ಹೋಗಿ ಸಾಲಿನ ಮುಂದೆ ನಿಂತೆ. ಖಾಯಂ ನೌಕರಿಯ ಕಾಗದ ಇನ್ನೂ ಮೇಲಿನವರ ಹತ್ತಿರ ಇತ್ತು, ಅವರಿಗೆ ಮಾಸ್ತರ ಮಾತೇ ಮಾತು. ಹೆಣ್ಣು ನೋಡಲು ಬಂದವರು ಇಬ್ಬರು ನನ್ನ ದನಿ ಕೇಳಿ ಆಗಲೇ ಹಿಂದೆ ಹೋಗಿದ್ದರು. ನೌಕರಿಯೂ ಇಲ್ಲದಿದ್ದರೆ ಅಪ್ಪನ ನಂತರ ಅಣ್ಣನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಮುದುಕಿಯಾಗಬೇಕಿತ್ತು. ಇದು ಕಾರಣ ಹೌದು. ಕ್ಷಮೆ ಕೇಳಲು ಇಷ್ಟು ಸಾಕು ಎಂದು ನಾನು ಹೇಳುತ್ತಿಲ್ಲ. ಮಾಸ್ತರೂ ಆಮೇಲೆ ಆ ಮಾತು ಎತ್ತಲಿಲ್ಲ. ಅವತ್ತಿನಿಂದ ಒಂದು ಮಾತ್ರ ಬದಲಾಯಿತು. ನನ್ನೆದುರಿಗೆ ಟವೆಲು ಹಾಸುವುದನ್ನು ಬಿಟ್ಟರು. ಬೇರೆಯವರು ಬಂದಾಗ ನಾನೇ ಹಾಸಬೇಕಿತ್ತು, ಹಾಸುತ್ತಿದ್ದೆ.

ಐವತ್ತಾರರಲ್ಲಿ ಕನ್ನಡ ಮಾತಾಡುವ ಸೀಮೆಯೆಲ್ಲ ಒಂದು ರಾಜ್ಯವಾಗುವುದೆಂದು ಆಯಿತು. ನವೆಂಬರಿನ ಆ ದಿನಕ್ಕೆ ಲಿಂಗಸುಗೂರಿನ ಬಯಲಿನಲ್ಲಿ ಅರವತ್ತು ಹುಡುಗಿಯರ ಮೇಳ. ಮಾಸ್ತರು ತಮ್ಮ ಆ ಧಾಟಿಯನ್ನೇ ತೆಗೆದು ಅದಕ್ಕೆ ಕನ್ನಡ ನಾಡಿನ ಮಾತು ಕೂಡಿಸಿದರು. ಮೂರನೆಯ ಸರ್ಕಾರಕ್ಕೂ ಅದೇ ಧಾಟಿ. ಮೇಳಕ್ಕಿಂತ ಮುಂಚೆ ಒಬ್ಬಳೇ ಹಾಡುವ ಒಂದು ನುಡಿ ಇತ್ತು. ಅದಕ್ಕೆ ಅವರು ತುರ್ವಿಹಾಳದ ಒಬ್ಬ ಹುಡುಗಿಯನ್ನು ಆರಿಸಿದರು.

ಗಂಗವ್ವ ಎಂದು ಅವಳ ಹೆಸರು. ಹದಿಮೂರು ವರ್ಷ. ತಂದೆ ಇರಲಿಲ್ಲ, ತಾಯಿ ಕಾಲುವೆಯ ಮಣ್ಣಿನ ಕೆಲಸಕ್ಕೆ ಹೋಗುತ್ತಿದ್ದಳು. ಲಿಂಗಸುಗೂರಿನಲ್ಲಿ ಅಕ್ಕನ ಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದಳು. ನೀರು ತುಂಬಿಡುವ ಗುಮ್ಮಿಯ ಹತ್ತಿರ ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ತಗ್ಗಿನ, ತುಂಬಿದ ದನಿ. ನನ್ನದೇ ದನಿ ಇನ್ನೊಬ್ಬಳ ಬಾಯಿಂದ ಬರುತ್ತಿತ್ತು. ಅದನ್ನು ಕೇಳಿದ ಸಂತೋಷಕ್ಕೆ ಅವತ್ತು ಊಟ ಸೇರಲಿಲ್ಲ. ಅದನ್ನು ಮಾಸ್ತರೂ ಕೇಳಿದರು. “ಬಿರುಸು ಐತಿ. ಏರಸು,” ಅಂದರು ನನಗೆ.

ಏರಿಸಿದೆ. ಮುಂಜಾನೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಮೂರು ವಾರ. ಮೊದಲ ವಾರದಲ್ಲಿಯೇ ಅವಳು ಕೇಳಿದಳು.

“ಅಕ್ಕಾರ, ಒಂದೀಟು ಕೆಳಗ ಹಾಡ್ಲೇನ್ರಿ? ಕೆಳಗಾದ್ರ ಎಷ್ಟರ ಹಾಡ್ತೀನ್ರಿ.”

ಮಾಸ್ತರು ಪೇಟಿಯ ಮುಂದೆ ಕೂತು ನನ್ನ ಮುಖ ನೋಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನೌಕರಿಯ ಕಾಗದಕ್ಕೆ ಸಹಿ ಹಾಕಿಸುತ್ತೇನೆ ಎಂದು ಹಿಂದಿನ ದಿನವೇ ಹೇಳಿದ್ದರು.

“ಮ್ಯಾಲ ಹಾಡು,” ಅಂದೆ.

ಎರಡನೆಯ ವಾರ ಅವಳು ಕುತ್ತಿಗೆ ಹಿಡಿದುಕೊಂಡು ಬಂದಳು. “ಗಂಟಲಾಗ ಮುಳ್ಳು ಚುಚ್ಚಿದಂಗ ಆಗತೈತ್ರಿ ಅಕ್ಕಾರ.” ಆ ಮುಳ್ಳು ಯಾವುದು, ಎಲ್ಲಿ ಚುಚ್ಚುತ್ತದೆ, ಅದರ ಮುಂದೆ ಏನಾಗುತ್ತದೆ, ಮೂರೂ ಊರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಮೆಣಸಿನ ಹಾಲು ಕುಡಿ ಅಂದೆ. ನಾಳೆ ಹೊತ್ತಿಗೆ ಸರಿಯಾಗಿ ಬಾ ಅಂದೆ.

ಕಾರ್ಯಕ್ರಮದ ದಿನ ರಾಯಚೂರಿನಿಂದ ಮೈಕು ತರಿಸಿದ್ದರು. ಮೈಕಿನವನು ನಮ್ಮ ಅಭ್ಯಾಸ ಕೇಳಿ ಎರಡೂ ಕಿವಿ ಮುಚ್ಚಿಕೊಂಡ. “ಅಷ್ಟ್ಯಾಕ ಮ್ಯಾಲ ಹಾಡಸ್ತೀರ್ರೀ? ಕೆಳಗ ಹಾಡಿದ್ರೂ ಬಸ್ ಸ್ಟ್ಯಾಂಡಿನತನಕ ಕೇಳತೈತಿ. ಕಂಬದ ಮ್ಯಾಲಿನ ಭೋಂಗಾ ಕಿರಚಾಕತ್ತೈತಿ ನೋಡ್ರಿ,” ಅಂದ. “ನೀ ನಿನ್ನ ಬ್ಯಾಟರಿ ನೋಡ್ಕೋ,” ಅಂದರು ಮಾಸ್ತರು. ಡೇರೆಯ ಕಡೆಯ ಸಾಲಿನ ನೆಪವೂ ಅವತ್ತಿಗೆ ಮುಗಿದಿತ್ತು. ಇನ್ನು ಉಳಿದದ್ದು ಆ ಇಲಿ ತಿಂದ ಪೇಟಿ ಒಂದೇ. ನಾನು ಅವರ ಪಕ್ಕದಲ್ಲಿ ನಿಂತು ಟವೆಲಿನ ಅಂಚು ಸರಿ ಮಾಡಿದೆ.

ಗಂಗವ್ವ ಹಾಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಕತ್ತಿನ ನರ ಉಬ್ಬಿಸಿ ಹಾಡಿದಳು. ಕಣ್ಣೀರನ್ನು ಜನ ನಾಡಿನ ಮೇಲಿನ ಪ್ರೀತಿ ಎಂದು ತಿಳಿದು ಇನ್ನಷ್ಟು ಚಪ್ಪಾಳೆ ಹೊಡೆದರು. ಮಾಸ್ತರಿಗೆ ಶಾಲು ಹೊದಿಸಿದರು. ಎರಡು ಮಾತಾಡಿರಿ ಅಂದಾಗ, ಈ ಸೀಮೆಯ ಹೆಣ್ಣುಮಕ್ಕಳಿಗೆ ಕಂಠ ಕೊಟ್ಟವನು ತಾನು ಅಂದರು. ಮುಂದಿನ ಸಾಲಿನಲ್ಲಿದ್ದ ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ನನ್ನ ಹೆಸರನ್ನೂ ಹೇಳಿದರು ಮಾಸ್ತರು. ನಾನು ಎದ್ದು ಕೈ ಮುಗಿದೆ.

ಒಂದು ತಿಂಗಳೊಳಗೆ ನೌಕರಿಯ ಕಾಗದ ಬಂತು. ಅದು ಬಂದ ವಾರವೇ ಗಂಗವ್ವನ ತಾಯಿ ಶಾಲೆಗೆ ಬಂದಳು. ಮೊಣಕಾಲವರೆಗೆ ಕಾಲುವೆಯ ಮಣ್ಣು ಒಣಗಿತ್ತು. ತುರ್ವಿಹಾಳದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಜಗಳಕ್ಕೆ ಬಂದಿದ್ದಾಳೆಂದು ನಾನು ಎದ್ದು ನಿಂತೆ. ಬೈದರೆ ಬೈಸಿಕೊಳ್ಳುತ್ತೇನೆ, ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ ಎಂದು ಒಂದು ಗಳಿಗೆ ಮನಸ್ಸೂ ಗಟ್ಟಿ ಮಾಡಿದೆ. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಬೊಗಸೆ ಶೇಂಗಾ ನನ್ನ ಮೇಜಿನ ಮೇಲೆ ಸುರಿದಳು.

“ತಿನ್ರಿ ಅಕ್ಕಾರ. ಹುಡುಗಿಗೆ ಹದಿನೈದು ದಿನದಿಂದ ಮಾತ ಬರವಲ್ದು. ಮಾಸ್ತರ ಕಡಿ ಹೋಗಿದ್ದೆ. ಅಂಜಬ್ಯಾಡ, ದೊಡ್ಡ ಕಂಠ ಬರೂಕಿಂತ ಮೊದಲ ಹಿಂಗ ಒಮ್ಮೆ ಒಡೀತದ, ನಮ್ಮ ಅಕ್ಕಾರಿಗೂ ಹಿಂಗ ಆಗಿತ್ತು, ಹೋಗಿ ಆಕಿನ್ನ ಕೇಳು ಅಂದ್ರು. ನಿಮ್ಮದು ಎಷ್ಟು ದಿನಕ್ಕ ತಿರುಗಿ ಬಂತ್ರಿ?”

ಬಾಗಿಲ ಹೊರಗೆ ಗಂಗವ್ವ ನಿಂತಿದ್ದಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಬರ್ತದವ್ವಾ,” ಅಂದೆ. “ಇನ್ನೊಂದಿಷ್ಟು ದಿನ.”

ನನ್ನ ದನಿ ಕೇಳಿ ಆಕೆ ಹತ್ತಿರ ಬಂದು ಮುಖ ನೋಡಿದಳು.

“ನಿಮಗ ನೆಗಡಿ ಆಗೇತೇನ್ರಿ ಅಕ್ಕಾರ?”

ಹೂಂ, ನೆಗಡಿ ಅಂದೆ. ಆಕೆ ನಂಬಿದಳು. ಬಿಸಿನೀರು ಕುಡೀರಿ ಎಂದು ನನಗೇ ಹೇಳಿ ಮಗಳ ಕೈ ಹಿಡಿದುಕೊಂಡು ಹೋದಳು.